ದಮ್ ಹತ್ತಿದ ಕಾರು

ಮಸ್ಕಿ ದಾಟಿ ಸಿಂಧನೂರಿಗೆ ಹೋಗುವಾಗ ಕಾಲುವೆ ಸೇತುವೆಯ ಮೇಲೆ ಕಾರು ನಿಂತುಬಿಟ್ಟಿತು. ಹಿಂದೆ ಭತ್ತದ ಲಾರಿ. ಬ್ರೇಕಿನ ಚೀರಾಟ ಕೇಳಿ ಕನ್ನಡಿ ನೋಡಿದೆ. ಲಾರಿಯ ಮುಖ ಬಿಟ್ಟರೆ ಅದರಲ್ಲಿ ಬೇರೇನೂ ಕಾಣಲಿಲ್ಲ. ಲಾರಿ ನಿಂತಿತ್ತು.

ಅದು ಅಪ್ಪನ ಕಾರು. ಲಿಂಗಸುಗೂರಿನ ನಮ್ಮ ಮನೆಯಲ್ಲಿ ನನಗಿಂತ ಹಳೆಯದು ಅದೊಂದೇ. ದಸರೆಯ ನಂತರ ದಾರಿಯಲ್ಲಿ ಹೀಗೆ ನಿಲ್ಲತೊಡಗಿತ್ತು. ಮಿಸ್ತ್ರಿ ಪ್ಲಗ್ ಒರೆಸಿದ್ದ, ಕಾರ್ಬುರೇಟರ್ ತೊಳೆದಿದ್ದ, ಪ್ರಯೋಜನವಾಗಿರಲಿಲ್ಲ.

ಹೆಂಡತಿ ಇಳಿದು ರಸ್ತೆಯ ಬದಿಗೆ ಹೋದಳು. “ಇನ್ನ ನಾ ಇದರಾಗ ಕುಂದ್ರಂಗಿಲ್ಲ. ಗುಜರಿಗೆ ಹಾಕ್ರಿ.”

“ವಯಸ್ಸಾಗೈತಿ, ದಮ್ ಹತ್ತೈತಿ ಅದಕ, ಉಸಿರಾಡಾಕ ಆಗವಲ್ದು” ಎಂದೆ.

“ದಮ್ ನನಗ ಹತ್ತೈತ್ರಿ!”

ಲಾರಿಯವನು ಬೈಯುತ್ತ ಬಂದು, ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ. “ಎಣ್ಣಿ ಐತಲ್ರೀ ಸಾರ್!” ಅವನು ಮುಚ್ಚಿದ ಮೇಲೆ ಕೀಲಿ ತಿರುವಿದೆ. ಏನೂ ಆಗಿಲ್ಲವೆಂಬಂತೆ ಕಾರು ಚಾಲೂ ಆಯಿತು.

ಈ ವಾರದಲ್ಲಿ ಕಾರಣ ಸಿಗದಿದ್ದರೆ ಗುಜರಿಗೇ ಎಂದು ಅವಳಿಗೆ ಮಾತು ಕೊಟ್ಟೆ.

ಭಾನುವಾರ ಒಬ್ಬನೇ ಹೊರಟೆ. ಮಸ್ಕಿಯ ಹತ್ತಿರ ಕಾರು ನಿಂತಿತು. ಈ ಸಲ ಅವಸರ ಮಾಡಲಿಲ್ಲ. ಪ್ಲಗ್ಗಿನಲ್ಲಿ ಕಿಡಿ ಇತ್ತು. ಕಾರ್ಬುರೇಟರಿಗೆ ಬರುವ ಪೈಪ್ ಬಿಚ್ಚಿದೆ: ಒಣಗಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಇಲ್ಲಿಗೆ ಬರುತ್ತಿಲ್ಲ. ಹಾಗಾದರೆ ಸೇತುವೆಯ ಮೇಲೆ ಅದು ಮತ್ತೆ ಚಾಲೂ ಆಗಿದ್ದು ಹೇಗೆ? ಲಾರಿಯವನು ಮಾಡಿದ್ದು ಒಂದೇ, ಮುಚ್ಚಳ ತೆಗೆದದ್ದು.

ಪೈಪ್ ಮತ್ತೆ ಜೋಡಿಸಿ, ಮುಚ್ಚಳವನ್ನು ನಿಧಾನವಾಗಿ ತಿರುವಿದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಕಾರು ಚಾಲೂ ಆಯಿತು. ಮುಚ್ಚಳ ಸಡಿಲ ಬಿಟ್ಟೇ ಸಿಂಧನೂರಿನವರೆಗೆ ಹೋದೆ, ಎಲ್ಲಿಯೂ ನಿಲ್ಲಲಿಲ್ಲ.

ಅಲ್ಲಿ ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದೆ. ಟ್ಯಾಂಕಿಗೆ ಗಾಳಿ ಹೋಗಲೆಂದು ಅದರ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ; ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಅದರಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ.

ಆಯುಧಪೂಜೆಯಲ್ಲಿ ಹೆಂಡತಿ ವಿಭೂತಿಯನ್ನು ನೀರಿನಲ್ಲಿ ಕಲಸಿ, ಗಾಲಿ, ದೀಪ, ಸ್ಟೀರಿಂಗ್ ಎಲ್ಲಕ್ಕೂ ಮೂರು ಬೆರಳು ಎಳೆದಿದ್ದಳು. ಮುಚ್ಚಳಕ್ಕೂ.

ಮನೆಗೆ ಬಂದು ತೋರಿಸಿದೆ. “ಅದು ಗಾಡಿ ಬಾಯಿ ಅಲ್ಲೇನ್ರಿ? ಬಾಯಿಗೆ ಹಚ್ಚದ ಹ್ಯಾಂಗ ಬಿಡ್ಲಿ?” ಎಂದವಳು, ಮುಚ್ಚಳ ಕೈಗೆ ತೆಗೆದುಕೊಂಡು ಆ ತೂತನ್ನೇ ನೋಡಿದಳು. ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. “ಅಂದ್ರ ಖರೇನೇ ದಮ್ ಹತ್ತಿತ್ತು ಅದಕ!”

ಸೆರಗಿನ ಪಿನ್ನು ತೆಗೆದು ತೂತನ್ನು ತಾನೇ ಬಿಡಿಸಿದಳು. ಮತ್ತೆ ಸಿಂಧನೂರಿಗೆ ಹೊರಟಾಗ, ಕರೆಯುವ ಮೊದಲೇ ಬಂದು ಮುಂದಿನ ಸೀಟಿನಲ್ಲಿ ಕೂತಳು.

ಕಾಲುವೆ ಸೇತುವೆ ಬಂದಾಗ ನಾನು ಕನ್ನಡಿ ನೋಡಿದೆ, ಅವಳು ನನ್ನನ್ನು. ದಾಟಿದ ಮೇಲೆ ಕೇಳಿದಳು: “ಗುಜರಿಯವಗ ಫೋನ್ ಮಾಡೀರೇನು?”

“ಇಲ್ಲ.”

“ಮಾಡಬ್ಯಾಡ್ರಿ.”