ನಾಲ್ಕನೇ ಕ್ಲಾಸಿಗೆ ಒಬ್ಬಳೇ

ನಾನು ಇಂಗ್ಲಿಷಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ, ಪಿಯುಸಿ ಪಾಸಾದೆ, ಟೀಚರ್ ಟ್ರೈನಿಂಗೂ ಮುಗಿಸಿದೆ. ಆದರೆ ಒಬ್ಬ ಮನುಷ್ಯನ ಮುಖ ನೋಡಿ ಇಂಗ್ಲಿಷಿನಲ್ಲಿ ಒಂದು ಮಾತು ಆಡಿದ್ದು ಐವತ್ತು ದಾಟಿದ ಮೇಲೆ. ಜಗಳೂರಿನ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಅಂದರೆ ಮೇಷ್ಟ್ರು ಒಂದು ಸಾಲು ಓದುವುದು, ಅದರ ಅರ್ಥ ಕನ್ನಡದಲ್ಲಿ ಹೇಳುವುದು, ನಾವು ಆ ಅರ್ಥವನ್ನು ಪುಸ್ತಕದ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಸಣ್ಣಕ್ಕೆ ಬರೆದುಕೊಳ್ಳುವುದು. ಪ್ರಶ್ನೋತ್ತರ ಬಾಯಿಪಾಠ, ಪ್ರಬಂಧ ಬಾಯಿಪಾಠ. ಪ್ರವಾಸಕ್ಕೆ ಹೋಗಲು ಅಪ್ಪಣೆ ಕೊಡಿ ಎಂದು ತಂದೆಗೆ ಬರೆಯುವ ಪತ್ರವೂ ಬಾಯಿಪಾಠ. ನಮ್ಮಪ್ಪನಿಗೆ ಕನ್ನಡವೇ ಓದಲು ಬರುತ್ತಿರಲಿಲ್ಲ, ಅದು ಬೇರೆ ಮಾತು. ಹೀಗೆ ಕಲಿತ ಭಾಷೆ ಅಟ್ಟದ ಮೇಲಿಟ್ಟ ಹಿತ್ತಾಳೆ ಪಾತ್ರೆಯಂತೆ. ಮನೆಯಲ್ಲಿ ಇದೆ ಎಂಬ ಧೈರ್ಯವೇನೋ ಇರುತ್ತದೆ, ಅದರಲ್ಲಿ ಯಾರೂ ಅಡುಗೆ ಮಾಡುವುದಿಲ್ಲ.

ಮೊದಲು ಕೆಲಸ ಮಾಡಿದ್ದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಹತ್ತಿರದ ಒಂದು ಶಾಲೆಯಲ್ಲಿ. ಅಲ್ಲಿ ಮಕ್ಕಳ ದಂಡೇ ಇತ್ತು, ಗಂಟಲು ಹರಿದುಕೊಂಡು ಪಾಠ ಮಾಡಿದೆ. ಆಮೇಲೆ ವರ್ಗವಾಗಿ ಸವಳಂಗದಿಂದ ಒಳಗೆ ಹೋಗುವ ಒಂದು ಸಣ್ಣ ಊರಿಗೆ ಬಂದೆ. ಮನೆ ಮಾಡಿದ್ದು ನ್ಯಾಮತಿಯಲ್ಲಿ. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ನಾನು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ಮೊದಲು ಬಹಳ ಜನ ಇದ್ದರು, ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಈಗ ಯಾರೂ ಕೇಳುವುದಿಲ್ಲ. ಕೇಳದಿರುವುದು ಕೇಳುವುದಕ್ಕಿಂತ ಕಷ್ಟ ಎಂದು ಐವತ್ತು ದಾಟಿದ ಮೇಲೆ ಗೊತ್ತಾಯಿತು.

ನಾನು ಬಂದಾಗ ಶಾಲೆಯಲ್ಲಿ ಮಕ್ಕಳು ತಕ್ಕಮಟ್ಟಿಗೆ ಇದ್ದರು. ಬಂದ ಒಂದೆರಡು ವರ್ಷಕ್ಕೇ ಊರಿನೊಳಗೆ ಹಳದಿ ವ್ಯಾನು ಬರಲು ಶುರುವಾಯಿತು. ಬೆಳಿಗ್ಗೆ ನಾನು ಸ್ಕೂಟಿಯಲ್ಲಿ ಊರಿಗೆ ಹೋಗುವ ಹೊತ್ತಿಗೆ ಅದು ಎದುರಿಗೆ ಬರುತ್ತಿತ್ತು. ಒಳಗಿನಿಂದ ಟೈ ಕಟ್ಟಿದ ಮಕ್ಕಳು ಕೈ ಬೀಸುತ್ತಿದ್ದವು. ಎಲ್ಲಾ ನನ್ನ ಹತ್ತಿರ ಅ ಆ ಇ ಈ ಕಲಿತ ಮಕ್ಕಳೇ. ನಾನೂ ಕೈ ಬೀಸುತ್ತಿದ್ದೆ, ಆಮೇಲೆ ವ್ಯಾನು ಎಬ್ಬಿಸಿದ ಧೂಳಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಸರ್ಕಾರಿ ಶಾಲೆಯಲ್ಲೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆಯಲ್ಲಪ್ಪಾ ಎಂದು ಮನೆಮನೆಗೆ ಹೋಗಿ ಹೇಳಿದೆ. ಅವರು ಚಹಾ ಕೊಟ್ಟು ಕಳಿಸಿದರು.

ಹೀಗೆ ಸೋಸಿ ಸೋಸಿ ಕೊನೆಗೆ, ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕಲಿಯುವ ನಲಿಕಲಿಯ ಚಾಪೆಯ ಮೇಲೆ ಕೂರುವ ನಾಲ್ಕಾರು ಚಿಳ್ಳೆಪಿಳ್ಳೆಗಳು ಉಳಿದರು. ನಾಲ್ಕನೇ ಕ್ಲಾಸಿಗೆ ಒಬ್ಬಳೇ ಹುಡುಗಿ.

ತೋಟದ ಕೂಲಿಗೆ ಹೋಗುವ ಅಪ್ಪ ಅಮ್ಮನ ಮಗಳು. ಎರಡು ಜಡೆ, ಅದರಲ್ಲಿ ಒಂದು ಯಾವಾಗಲೂ ಬಿಚ್ಚಿರುತ್ತಿತ್ತು. ಕ್ಲಾಸಿಗೆ ಒಬ್ಬಳೇ ಆದರೂ ಹಾಜರಿ ಕೂಗಬೇಕು, ಅವಳು ಎದ್ದು ನಿಂತು "ಪ್ರೆಸೆಂಟ್ ಮಿಸ್" ಅನ್ನಬೇಕು. ಹಾಗೆ ಕೂಗದಿದ್ದರೆ ಅವಳೇ ಬಿಡುತ್ತಿರಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಇಬ್ಬರು ಮಾತಾಡುವ ಪಾಠಗಳಿದ್ದವು. ಮಕ್ಕಳನ್ನು ಜೋಡಿ ಮಾಡಿ ಮಾತಾಡಿಸಿ ಎಂದು ಪುಸ್ತಕ ಹೇಳುತ್ತದೆ. ಜೋಡಿಗೆ ಮಕ್ಕಳನ್ನು ಎಲ್ಲಿಂದ ತರಲಿ? ನಾನೇ ಜೋಡಿಯಾದೆ. ಮಧ್ಯಾಹ್ನದ ಊಟ ಮುಗಿದು ಸಣ್ಣವರು ಚಾಪೆ ಮೇಲೆ ತೂಕಡಿಸುವಾಗ ನಾವಿಬ್ಬರೂ ಕಿಟಕಿ ಹತ್ತಿರ ಎದುರುಬದುರು ಕೂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು. ಏನು ತಿಂದೆ, ಎಮ್ಮೆ ಕರು ಹಾಕಿತಾ, ನಿಮ್ಮಜ್ಜಿ ಕಾಲುನೋವು ಹೇಗಿದೆ ಎಂದು ನಾನು ಕೇಳುವುದು, ಅವಳು ಹೇಳುವುದು. ಅವಳ ಇಂಗ್ಲಿಷು ಕುಂಟುತ್ತಿತ್ತು, ನನ್ನದೇನೂ ಓಡುತ್ತಿರಲಿಲ್ಲ. ಆದರೂ ಅಟ್ಟದ ಮೇಲಿನ ಪಾತ್ರೆಗೆ ಕೊನೆಗೂ ಒಲೆ ಕಂಡಿತು. ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ನಾನು ಕಾಯುತ್ತಿದ್ದುದು ಆ ಅರ್ಧ ತಾಸಿಗೆ. ಸಂಜೆ ಮನೆಗೆ ಹೋಗಿ ಬೀಗ ತೆಗೆದರೆ ಬೆಳಿಗ್ಗೆವರೆಗೆ ನನ್ನ ಬಾಯಿಗೆ ಉಣ್ಣುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ.

ಬೇಸಿಗೆ ರಜೆ ಹತ್ತಿರ ಬಂದಾಗ ಅವಳ ಅಮ್ಮ ಶಾಲೆಗೆ ಬಂದಳು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಳು.

"ಮೇಡಂ, ಹೊನ್ನಾಳೀಲಿ ನಮ್ಮಕ್ಕನ ಮನೆ ಐತಲ್ರಿ, ಅಲ್ಲೇ ಇಟ್ಟು ಓದಸಾಣ ಅಂತ ಮಾಡೀವಿ. ಇಂಗ್ಲಿಷ್ ಮೀಡಿಯಂಗೆ. ಹುಡುಗೀನ ಮಾತಾಡ್ಸಿ ನೋಡ್ತಾರಂತೆ. ನೀವೇ ಒಂಚೂರು ಮಾತಾಡಾಕೆ ತಯಾರು ಮಾಡ್ರಿ."

ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಎಂದು ಗಾದೆ. ಇಲ್ಲಿ ಕೋಳಿಯ ಕೈಯಲ್ಲೇ ಮಸಾಲೆ ಅರೆಸಲು ಬಂದಿದ್ದಳು. ನನಗೆ ಮೈಯೆಲ್ಲಾ ಉರಿಯಿತು. ಐದನೇ ಕ್ಲಾಸು ಇಲ್ಲೇ ಇದೆ, ಇನ್ನೊಂದು ವರ್ಷ ಬಿಟ್ಟರೆ ಏನು ಗಂಟು ಹೋಗುತ್ತೆ ಎಂದು ಬಾಯಿ ತುದಿಗೆ ಬಂತು. ಅವಳ ಮುಖ ನೋಡಿದೆ. ಆ ಮುಖದಲ್ಲಿ ನನ್ನ ಮೇಲೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆಗಲಿ ಎಂದೆ.

ತಯಾರು ಮಾಡಿದೆ. ಚೆನ್ನಾಗಿ ಕಲಿಸಿದರೆ ಹೋಗುತ್ತಾಳೆ, ಕಲಿಸದಿದ್ದರೆ ಉಳಿಯುತ್ತಾಳೆ. ಇಷ್ಟು ಸರಳ ಲೆಕ್ಕ ಮುಂದಿಟ್ಟುಕೊಂಡು ಪಾಠ ಮಾಡುವ ಕರ್ಮ ಯಾವ ಮೇಷ್ಟ್ರಿಗೂ ಬೇಡ. ಆದರೆ ಆ ಹುಡುಗಿ ಕೈಕಟ್ಟಿ ಎದುರಿಗೆ ಕೂತು ನನ್ನ ಬಾಯನ್ನೇ ನೋಡುವಾಗ ಕೆಟ್ಟದಾಗಿ ಕಲಿಸುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ.

ಹೊನ್ನಾಳಿಗೆ ನಾನೂ ಹೋದೆ. "ಅಲ್ಲಿ ನಮಿಗೆ ಬಾಯಿ ಬರಲ್ರಿ, ನೀವೂ ಬರ್ರಿ" ಎಂದು ಅವಳ ಅಮ್ಮ ಜೀವ ತಿಂದಿದ್ದಳು. ಆ ಶಾಲೆಯ ಹೆಡ್‌ಮಿಸ್ ನನಗಿಂತ ಎಷ್ಟೋ ಚಿಕ್ಕವರು, ನಗುಮುಖದವರು. ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಕೇಳುತ್ತಾ ಹೋದರು. ಹೆಸರು, ಊರು, ಅಪ್ಪ ಏನು ಮಾಡುತ್ತಾರೆ, ಯಾವ ಹಣ್ಣು ಇಷ್ಟ. ಅವಳು ಪಟಪಟ ಎಂದು ಹೇಳಿದಳು. ಅವರಿಗೆ ಖುಷಿಯಾಯಿತು.

"ವೆರಿ ಗುಡ್. ನೌ ಯು ಆಸ್ಕ್ ಮಿ ಸಮ್‌ಥಿಂಗ್" ಅಂದರು. ಈಗ ನೀನು ನನ್ನನ್ನು ಏನಾದರೂ ಕೇಳು.

ಹುಡುಗಿಯ ಬಾಯಿ ಮುಚ್ಚಿತು. ಕಟ್ಟಿದ ಕೈ ಇನ್ನೂ ಬಿಗಿಯಾಯಿತು. ಅವರು ಮತ್ತೊಮ್ಮೆ ಹೇಳಿದರು, ಅವಳು ತಿರುಗಿ ನನ್ನನ್ನು ನೋಡಿದಳು. ನನಗೆ ಆಗಲೇ ಅರ್ಥವಾಯಿತು. ನಮ್ಮ ಕಡೆ ಮಿಸ್ ಕೇಳಬೇಕು, ಮಕ್ಕಳು ಹೇಳಬೇಕು. ದೊಡ್ಡವರನ್ನು ಪ್ರಶ್ನೆ ಕೇಳುವುದೆಂದರೆ ಎದುರು ಮಾತಾಡಿದ ಹಾಗೆ. ಜಗಳೂರಿನಲ್ಲಿ ನಾನು ಹಾಗೇ ಕಲಿತೆ, ಇಲ್ಲಿ ಹಾಗೇ ಕಲಿಸಿದೆ. ಕಿಟಕಿ ಹತ್ತಿರದ ಅಷ್ಟೆಲ್ಲಾ ಮಾತಿನಲ್ಲೂ ಕೇಳಿದ್ದೆಲ್ಲಾ ನಾನೇ. ಅವಳ ಬಾಯಿಗೆ ಅರ್ಧ ಭಾಷೆ ಮಾತ್ರ ಹೋಗಿತ್ತು.

ಆ ಹೊತ್ತಿನಲ್ಲಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೋಗಲ್ಲ, ಉಳೀತಾಳೆ ಅನ್ನಿಸಿತು. ಅಷ್ಟರಲ್ಲಿ ಹುಡುಗಿಯ ಗಲ್ಲ ನಡುಗಲು ಶುರುವಾಯಿತು. ಆ ಸಂತೋಷ ನಿಂತ ಹೆಜ್ಜೆಯಲ್ಲೇ ಇಳಿದುಹೋಯಿತು.

ಹೆಡ್‌ಮಿಸ್ ಒಳ್ಳೆಯವರು. ಮುಂದಿನ ವಾರ ಇನ್ನೊಮ್ಮೆ ಕರೆದುಕೊಂಡು ಬನ್ನಿ, ಕೇಳುವುದನ್ನು ಸ್ವಲ್ಪ ರೂಢಿ ಮಾಡಿಸಿ ಅಂದರು. ಹೊರಗೆ ಬಂದ ಮೇಲೆ ಅಮ್ಮ ನನ್ನ ಮುಖ ನೋಡಿ, "ಕಲಿಸ್ತೀರಲ್ರಿ ಮೇಡಂ?" ಅಂದಳು. ಕಲಿಸದೇ ಇನ್ನೇನು ಮಾಡ್ಲಿ ಮಾರಾಯ್ತಿ ಎಂದೆ.

ಮಾರನೇ ದಿನ ಕಿಟಕಿ ಹತ್ತಿರ ಜಾಗ ಬದಲಾಯಿಸಿದೆವು. ನನ್ನ ಕುರ್ಚಿಯ ಮೇಲೆ ಅವಳು, ಅವಳ ಮಣೆಯ ಮೇಲೆ ನಾನು. ಅವಳನ್ನು ಕುರ್ಚಿಯ ಮೇಲೆ ಕೂರಿಸಲು ಒಂದು ಗಳಿಗೆ ಗೋಗರೆಯಬೇಕಾಯಿತು. ಕೂತ ಮೇಲೂ ತುದಿಯಲ್ಲೇ ಕೂತಳು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕೇಳು ಎಂದೆ. ಗೋಡೆ ನೋಡಿಕೊಂಡು ನನ್ನ ಹೆಸರು ಕೇಳಿದಳು. ಹೇಳಿದೆ. ಅವಳು ಕಣ್ಣರಳಿಸಿದಳು. ಒಂದನೇ ಕ್ಲಾಸಿನಿಂದ ನನ್ನ ಹತ್ತಿರ ಓದಿದ ಹುಡುಗಿಗೆ ನನಗೊಂದು ಹೆಸರಿದೆ ಎಂದೇ ಗೊತ್ತಿರಲಿಲ್ಲ. ನನಗೂ ಆ ಹೆಸರನ್ನು ಬಾಯಿಬಿಟ್ಟು ಹೇಳಿ ಬಹಳ ಕಾಲವಾಗಿತ್ತು.

ಎರಡು ದಿನ ಹೆದರಿ ಹೆದರಿ ಕೇಳಿದಳು. ಆಮೇಲೆ ರುಚಿ ಹತ್ತಿತು ನೋಡಿ, ಕೆರೆ ಕೋಡಿ ಬಿದ್ದ ಹಾಗೆ. ಬೆಳಿಗ್ಗೆ ಏನು ತಿಂದಿರಿ? ನಿಮ್ಮ ಅಮ್ಮ ಎಲ್ಲಿ? ನಿಮಗೆ ತಮ್ಮ ಇದ್ದಾನಾ? ಎಲ್ಲಾ ಇಂಗ್ಲಿಷಿನಲ್ಲಿ. ಅಮ್ಮ ಇಲ್ಲ, ತಮ್ಮ ಜಗಳೂರಿನಲ್ಲಿ ಎಂದೆ. ಆಮೇಲೆ ಕೇಳಿದಳು: "ಹೂ ಈಸ್ ಇನ್ ಯುವರ್ ಹೌಸ್, ಮಿಸ್?"

ಮನೆಯಲ್ಲಿ ಯಾರಿದ್ದಾರೆ. ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದವರಿಗೆ ನಾನು ಕೊಟ್ಟ ಉತ್ತರಗಳನ್ನು ಸೇರಿಸಿದರೆ ಒಂದು ಹರಿಕಥೆ ಆದೀತು. ಕನ್ನಡದಲ್ಲಿ ನನಗೆ ಮಾತು ತೇಲಿಸಲು ನೂರು ದಾರಿ ಗೊತ್ತು, ನಗಿಸಿ ಕಳಿಸಲೂ ಗೊತ್ತು. ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಲು ಮಾತ್ರ ಬರುತ್ತದೆ.

"ಐ ಆಮ್ ಇನ್ ಮೈ ಹೌಸ್" ಎಂದೆ.

"ಓನ್ಲಿ ಯು?"

"ಓನ್ಲಿ ಮಿ."

ಅವಳು ಕುರ್ಚಿಯಲ್ಲಿ ಕಾಲಾಡಿಸುವುದನ್ನು ನಿಲ್ಲಿಸಿ, ಕನ್ನಡಕ್ಕೆ ಬಂದಳು. "ಮಿಸ್, ಹಂಗಾದ್ರೆ ಮನೇಲಿ ಯಾರ ಜೊತೆ ಮಾತಾಡ್ತೀರಿ?"

ಇಂಗ್ಲಿಷಿನಲ್ಲಿ ಕೇಳು ಎಂದು ಗದರಿದೆ. ಗದರದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಅವಳು ಪದ ಪದ ಜೋಡಿಸಿ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಳು, ತಪ್ಪಿಲ್ಲದೆ ಕೇಳಿದಳು. ಮಿಸ್ ಆದವಳು ವೆರಿ ಗುಡ್ ಅನ್ನಬೇಕು, ಅಂದೆ. ಚಾಪೆಯ ಮೇಲೆ ಒಂದು ಮಗು ಎದ್ದು ಅಳುತ್ತಿತ್ತು, ಅದನ್ನು ಎತ್ತಿಕೊಳ್ಳಲು ಹೋದೆ. ಆ ಸಂಜೆ ನ್ಯಾಮತಿಯ ಮನೆಯಲ್ಲಿ ಅನ್ನಕ್ಕಿಟ್ಟು ಒಲೆ ಮುಂದೆ ನಿಂತಾಗ, ಎಷ್ಟೋ ವರ್ಷದ ಮೇಲೆ ಒಬ್ಬರು ನನ್ನ ಬಗ್ಗೆ ಕೇಳಿದರಲ್ಲಾ ಎಂದುಕೊಂಡೆ. ಕೇಳುವವಳನ್ನು ತಯಾರು ಮಾಡಿದ್ದು ಬೇರೆ ಊರಿಗೆ ಕಳಿಸಲು ಎಂಬುದೂ ನೆನಪಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಬೈದುಕೊಂಡು ಕುಕ್ಕರ್ ಇಳಿಸಿದೆ.

ವಾರ ಕಳೆದು ಮತ್ತೆ ಮೂವರೂ ಹೊನ್ನಾಳಿಗೆ ಹೋದೆವು. ಬಸ್ಸಿನಲ್ಲಿ ಹುಡುಗಿಗೆ ಎರಡು ಪ್ರಶ್ನೆ ಗಟ್ಟಿ ಮಾಡಿಸಿದೆ. ನಿಮ್ಮ ಹೆಸರೇನು, ಈ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ. ಇಷ್ಟು ಕೇಳಿದರೆ ಸಾಕು, ಹೆಚ್ಚು ಕೇಳಬೇಡ ಎಂದು ಹೇಳಿದೆ. ಅವಳು ತಲೆಯಾಡಿಸಿದಳು.

ಹೆಡ್‌ಮಿಸ್ ಅದೇ ನಗುಮುಖದಲ್ಲಿ, ಈ ಸಲ ಮೊದಲೇ, ಏನಾದರೂ ಕೇಳು ಅಂದರು. ಹುಡುಗಿ ಕೈ ಕಟ್ಟಿರಲಿಲ್ಲ. ಅವರ ಹೆಸರು ಕೇಳಿದಳು. ಎಷ್ಟು ಮಕ್ಕಳು ಎಂದು ಕೇಳಿದಳು. ಅವರು ಹೇಳಿದರು. ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವಳು ನನ್ನ ಕಡೆ ಬೆರಳು ತೋರಿಸಿ ಮೂರನೆಯದು ಕೇಳಿದಳು.

"ಕ್ಯಾನ್ ಮೈ ಮಿಸ್ ಆಲ್ಸೋ ಕಮ್ ಹಿಯರ್?"

ನಮ್ಮ ಮಿಸ್ಸೂ ಇಲ್ಲಿಗೆ ಬರಬಹುದಾ. ಹೆಡ್‌ಮಿಸ್ ಕುರ್ಚಿಗೆ ಒರಗಿ ಬಾಯ್ತುಂಬ ನಕ್ಕರು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಮಿಸ್ಸೂ ನಕ್ಕರು. ನಾನೂ ನಕ್ಕೆ, ನಗದೆ ಇನ್ನೇನು ಮಾಡುವುದು. ಎಷ್ಟು ಚೆನ್ನಾಗಿ ಕೇಳಿದೆ, ಪೂರ್ತಿ ವಾಕ್ಯ, ಎಂದು ಹೆಡ್‌ಮಿಸ್ ಅವಳ ಕೆನ್ನೆ ತಟ್ಟಿದರು. ಜೂನಿಗೆ ಕಳಿಸಿ ಎಂದು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲೇ ಅಂದರು. ಕೇಳಿದ್ದಕ್ಕೆ ಉತ್ತರ ಕೊಡುವುದು ಯಾರಿಗೂ ನೆನಪಾಗಲಿಲ್ಲ. ಹುಡುಗಿ ಮಾತ್ರ ಉತ್ತರಕ್ಕೆ ಕಾಯುತ್ತಾ ಇನ್ನೂ ಅಲ್ಲೇ ನಿಂತಿದ್ದಳು. ಹೋಗು, ಹೊರಗೆ ಉಯ್ಯಾಲೆ ಇದೆ, ಆಡು ಎಂದು ಅವರೇ ಕಳಿಸಿದರು.

ಹೊರಗೆ ಬಂದೆವು. ಒಂದು ಮಾತೂ ತಿಳಿಯದೆ ಗೋಡೆಗೆ ಒರಗಿ ನಿಂತಿದ್ದ ಅಮ್ಮ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡಳು.

"ಮೇಡಂ, ಅಷ್ಟು ನಗಾಕೆ ಏನು ಕೇಳಿದ್ಲ್ರಿ ನಮ್ಮ ಹುಡುಗಿ?"

ಇಂಗ್ಲಿಷಿನ ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳುವುದೇ ನನ್ನ ಕಸುಬು. ಆ ಒಂದು ಸಾಲಿನ ಅರ್ಥ ಮಾತ್ರ ಬದಲಾಯಿಸಿ ಹೇಳಿದೆ.

"ಇಲ್ಲಿ ಜಾಗ ಐತಾ ಅಂತ ಕೇಳಿದ್ಲು" ಎಂದೆ.

"ಐತಂತಾ?"

"ಅವಳಿಗೆ ಐತಂತೆ" ಎಂದೆ.