ಬಾಲಮ್ಮನ ಎಡಗೈ ಹೆಬ್ಬೆರಳು

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ನನ್ನ ಗೇಮ್ ಅಂಗಡಿ ಇದೆ. ಎರಡು ಟಿವಿ, ಎರಡು ಕನ್ಸೋಲು, ಗಾಜಿನ ಕಪಾಟಿನಲ್ಲಿ ಕೈಯಲ್ಲಿ ಹಿಡಿದು ಆಡುವ ಸಣ್ಣ ಗೇಮುಗಳು, ಒಂದು ಕೂಲರ್. ಹೊಸ ಆಟ ಬಂದಾಗಲೆಲ್ಲ ಮೊದಲು ನಾನೇ ಆಡಿ, ಅನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಆಟಗಳ ವಿಷಯದಲ್ಲಿ ಕುತುಬುದ್ದೀನ್ ಹೇಳಿದ್ದೇ ಕೊನೆ ಮಾತು ಎಂದು ಹದಿನಾರು ವರ್ಷ ಈ ಊರಿನಲ್ಲಿ ಮೆರೆದೆ. ಆ ಸೊಕ್ಕು ಇಳಿಸಿದವಳು ಮಲ್ಲಟದ ಕುರಿ ಕಾಯುವ ಮನೆತನದ ಬಾಲಮ್ಮ.

ಟಗರು ಗುಮ್ಮಿ ಆಕೆಯ ಎಡಗೈ ಮಣಿಕಟ್ಟು ಮುರಿದಿತ್ತು. ಸಂಕ್ರಾಂತಿ ಹೊತ್ತಿಗೆ ಪಟ್ಟಿ ಬಿಚ್ಚಿದರು, ಆದರೆ ಬೆರಳು ಬಾಗಲಿಲ್ಲ. ವ್ಯಾಯಾಮ ಮಾಡಿಸುವ ಡಾಕ್ಟರು ನನ್ನ ಅಂಗಡಿಯ ಎದುರಿಗೇ ಇದ್ದರು. ಪ್ರತಿ ಮಂಗಳವಾರ ಮಗಳು ಪ್ರಿಯದರ್ಶಿನಿ ಆಕೆಯನ್ನು ಕರೆದುಕೊಂಡು ಬಂದು, ಅಲ್ಲಿ ತೋರಿಸಿ, ಆಮೇಲೆ ನನ್ನ ಕೂಲರಿನ ಮುಂದೆ ಕೂಡಿಸಿ, ತನ್ನ ಮದುವೆಯ ಸಾಮಾನು ನೋಡಲು ಬಜಾರಿಗೆ ಹೋಗುತ್ತಿದ್ದಳು. ನಾಲ್ಕು ಗಂಟೆಗೆ ಅವರು ಊರಿಗೆ ಮರಳುವ ಮಾನ್ವಿ ಬಸ್ಸು.

"ಅಣ್ಣಾರ, ನಮ್ಮವ್ವನ್ನ ಸ್ವಲ್ಪ ನೋಡ್ಕೋರಿ. ಡಾಕ್ಟ್ರು ರಬ್ಬರ್ ಚೆಂಡು ಕೊಟ್ಟಾರ, ಒತ್ತಂದ್ರ ಒತ್ತೂದಿಲ್ಲ," ಎಂದಳು ಮೊದಲ ದಿನ.

"ಚೆಂಡು ಹಿಸುಕಿದ್ರ ಏನ್ ಬರ್ತದ ಬೇ? ಹಾಲು ಬರ್ತದೇನು?" ಎಂದಳು ತಾಯಿ.

ಅವರ ಮನೆತನದ ಪದ್ಧತಿಯನ್ನು ಮಗಳೇ ಹೇಳಿದಳು. ಮದುವೆಯಲ್ಲಿ ಮಗಳು ಕೂಡುವ ಕರಿ ಕಂಬಳಿಗೆ ತಾಯಿ ತನ್ನ ಕೈಯಿಂದಲೇ ನೂಲಬೇಕು. ಬಲಗೈ ರಾಟೆ ತಿರುವಿದರೆ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಸೇರಿ ಉಣ್ಣೆಯಿಂದ ಎಳೆ ತೆಗೆಯುತ್ತವೆ. ಬಾಲಮ್ಮನ ಎಡ ಹೆಬ್ಬೆರಳು ತೋರುಬೆರಳಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಮದುವೆ ವೈಶಾಖದಲ್ಲಿ, ಗಂಡಿನ ಊರಾದ ದೇವದುರ್ಗದಲ್ಲಿ. ಮೂರು ತಿಂಗಳು ಕೈಯಲ್ಲಿತ್ತು, ಬೆರಳು ಮಾತ್ರ ಕೈಯಲ್ಲಿರಲಿಲ್ಲ. ನೂಲಲು ನಾದಿನಿ ಇದ್ದಳು, ಕೊಂಡು ತಂದರೂ ನೂಲು ಸಿಗುತ್ತಿತ್ತು. ಆ ಮಾತು ಎತ್ತಿದರೆ ಬಾಲಮ್ಮ ಮುಖ ತಿರುಗಿಸುತ್ತಿದ್ದಳು.

ಹೊತ್ತು ಹೋಗಲೆಂದು ನಾನು ಟಿವಿ ಹಚ್ಚಿ ಆಟ ಆಡಿ ತೋರಿಸುತ್ತಿದ್ದೆ. ಕಾರು ಓಡಿಸುವ ಹೊಸ ಆಟದ ಬಗ್ಗೆ ನೋಟ್‌ಬುಕ್ಕಿನಲ್ಲಿ 'ತಿರುವಿನಲ್ಲಿ ಹಿಡಿತ ಅದ್ಭುತ' ಎಂದು ಬರೆದಿದ್ದೆ. ಬಾಲಮ್ಮ ಮೂರು ಸುತ್ತು ಸುಮ್ಮನೆ ನೋಡಿದಳು.

"ಎಲ್ಲಿಂದ ಹೊಂಟಿದ್ದೋ ಅಲ್ಲಿಗೇ ಬಂದಿ ಅಲ್ಲೋ ಯಪ್ಪಾ. ಏನರೆ ಮರೆತು ಹೋಗಿದ್ದೇನು?"

ಇಬ್ಬರು ಒದ್ದಾಡುವ ಆಟ ಹಚ್ಚಿದರೆ ಜಗಳ ಯಾತಕ್ಕೆಂದು ಕೇಳಿದಳು. ಯಾತಕ್ಕೆ ಎಂಬುದು ನನಗೂ ಗೊತ್ತಿರಲಿಲ್ಲ. ಕುದುರೆ ಏರಿದ ವೀರನೊಬ್ಬ ದೊಡ್ಡ ಹಸಿರು ನಾಡಿನಲ್ಲಿ ಅಲೆಯುವ ಆಟಕ್ಕೆ ನಾನು ಎರಡು ಪುಟ ಹೊಗಳಿಕೆ ಬರೆದಿದ್ದೆ. ಅದನ್ನು ಆಕೆ ಬಹಳ ಹೊತ್ತು ನೋಡಿದಳು. ಹುಲ್ಲು ಗಾಳಿಗೆ ಬಾಗುತ್ತಿತ್ತು, ಮೋಡದ ನೆರಳು ಗುಡ್ಡದ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಆಕೆಯ ಕಣ್ಣು ಅಷ್ಟು ದೂರ ಹೋದದ್ದನ್ನು ಅದೇ ಮೊದಲು ಕಂಡೆ.

"ಇಷ್ಟ್ ಹುಲ್ಲು ಬಿದ್ದದ," ಎಂದಳು ಮೆಲ್ಲಗೆ. "ಒಂದ್ ಕುರಿ ಇಲ್ಲಲ್ಲೋ."

ಆ ಮಾತಿಗೇ ನಾನು ಕಪಾಟಿನಿಂದ ನನ್ನ ಸ್ವಂತದ ಕೈಗೇಮು ತೆಗೆದೆ. ಅದರಲ್ಲಿ ಹೊಲ ಮಾಡುವ ಆಟ ಒಂದಿದೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ 'ಬಹಳ ನಿಧಾನ, ಗಂಡಸರ ಆಟವಲ್ಲ' ಎಂದು ಬರೆದು, ಅಂಗಡಿಯಲ್ಲಿ ಯಾರೂ ಇಲ್ಲದಾಗ ಮೂರು ವರ್ಷದಿಂದ ಕದ್ದು ಆಡುತ್ತಿದ್ದೆ. ಹದಿನಾಲ್ಕು ಕುರಿ ಸಾಕಿದ್ದೆ. ಆ ಆಟದಲ್ಲಿ ಮನುಷ್ಯನನ್ನು ನಡೆಸುವ ಸಣ್ಣ ಕಡ್ಡಿ ಇರುವುದು ಎಡ ಹೆಬ್ಬೆರಳಿನ ಕೆಳಗೆ. ನನ್ನ ಕಡ್ಡಿ ಸವೆದು, ಬಿಟ್ಟರೆ ತಾನೇ ಎಡಕ್ಕೆ ಎಳೆಯುತ್ತಿತ್ತು. ಬದಲಿಸಬೇಕೆಂದು ವರ್ಷದಿಂದ ಅಂದುಕೊಂಡು ಸೋಮಾರಿತನದಿಂದ ಬಿಟ್ಟಿದ್ದೆ.

"ಇದ್ಯಾಕೋ ಮೊಂಡ ಹೋತದಂಗ ಒಂದೇ ಕಡೆ ಎಳೀತದ," ಎಂದು ಬಯ್ಯುತ್ತಲೇ ಬಾಲಮ್ಮ ಬಲಗೈಯಿಂದ ಎಡ ಹೆಬ್ಬೆರಳನ್ನು ಎತ್ತಿ ಕಡ್ಡಿಯ ಮೇಲಿಟ್ಟಳು. ಪರದೆಯ ಮೇಲಿನ ಮನುಷ್ಯ ಬೇಲಿಗೆ ಹೋಗಿ ಮುಖ ಹಚ್ಚಿ ನಿಂತ. ಆ ದಿನವೆಲ್ಲ ಅವನು ಬೇಲಿಗೇ ನಿಂತಿದ್ದ. ಮುಂದಿನ ವಾರ ಎರಡು ಹೆಜ್ಜೆ ಈಚೆಗೆ ಬಂದ.

ಮೂರನೆಯ ವಾರ ಆಕೆ ನನ್ನ ಸಂಸಾರ ಹಾಳು ಮಾಡಿದಳು. ಕೊಯ್ದು ಬರಿದಾದ ಮೂಲಂಗಿ ಹೊಲಕ್ಕೆ ಬಲಗೈಯ ನೆರವಿನಿಂದ ಹದಿನಾಲ್ಕೂ ಕುರಿಗಳನ್ನು ಹೊಡೆದು, ಬೇಲಿ ಹಾಕಿ, ಅಲ್ಲೇ ಬಿಟ್ಟು ಆಟದ ದಿನ ಮುಗಿಸಿಬಿಟ್ಟಿದ್ದಳು. ಆ ಆಟದಲ್ಲಿ ಸಂಜೆಗೆ ಕುರಿಗಳನ್ನು ಕೊಟ್ಟಿಗೆಗೆ ಸೇರಿಸದಿದ್ದರೆ ಅವು ಮುನಿಸಿಕೊಳ್ಳುತ್ತವೆ, ಉಣ್ಣೆ ಕೊಡುವುದಿಲ್ಲ. ನಾನು ನೋಡಿದಾಗ ಹದಿನಾಲ್ಕೂ ಮುಖ ಗಂಟು ಹಾಕಿಕೊಂಡಿದ್ದವು.

"ಯವ್ವಾ, ಏನ್ ಮಾಡಿದ್ರಿ ಇದು? ಮೂರು ವರ್ಷ ಸಾಕೀನ್ರಿ ನಾ!"

"ಹೊಲಕ್ಕ ಕುರಿ ತರುಬೀನಿ. ಗೊಬ್ಬರ ಬ್ಯಾಡೇನು ಹೊಲಕ್ಕ? ನಮ್ಮೂರಾಗ ಹೊಲದೋರು ಕರದು ತರುಬಿಸ್ತಾರ."

"ಈ ಆಟಕ್ಕ ಅದೆಲ್ಲ ತಿಳಿಯೂದಿಲ್ರಿ! ಈಗ ಇವು ಉಣ್ಣಿ ಕೊಡಂಗಿಲ್ಲ!"

ನಾನು ಗಟ್ಟಿಯಾಗಿಯೇ ಕೂಗಿದ್ದೆ. ಬಾಲಮ್ಮ ಪರದೆಯನ್ನೇ ನೋಡುತ್ತ ಕೂತಳು. "ಇಲ್ಲೂ ಉಣ್ಣಿ ಇಲ್ಲಂತಾತು," ಎಂದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಟದ ಕುರಿಗಾಗಿ ಒಬ್ಬ ತಾಯಿಯ ಮೇಲೆ ಬಾಯಿ ಮಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಚಹಾ ತರಿಸಿಕೊಟ್ಟೆ. ಕುರಿಗಳನ್ನು ದಿನಾ ಕೊಟ್ಟಿಗೆಗೆ ಸೇರಿಸಿದರೆ ಸಿಟ್ಟು ಇಳಿಯುತ್ತದೆ ಎಂದು ಹೇಳಿ, ಆ ಗೇಮನ್ನು ಊರಿಗೇ ಕೊಟ್ಟು ಕಳಿಸಿದೆ.

ಆ ಆಟದಲ್ಲಿ ಕುರಿಗಳು ಕರೆದರೆ ಬರುವುದಿಲ್ಲ. ಒಂದೊಂದನ್ನೇ ಹಿಂದಿನಿಂದ ನೂಕಬೇಕು. ಎಡಕ್ಕೆ ಎಳೆಯುವ ಕಡ್ಡಿಯನ್ನು ಬಲಕ್ಕೆ ಒತ್ತಿ ಹಿಡಿದು ನೂಕಬೇಕು. ಬಾಲಮ್ಮ ಮಲ್ಲಟದಲ್ಲಿ ಬೇವಿನ ಕೆಳಗೆ ಕೂತು ಮಧ್ಯಾಹ್ನವೆಲ್ಲ ನೂಕುತ್ತಾಳಂತೆ ಎಂದು ಮಗಳು ನಗುತ್ತ ಹೇಳಿದಳು. ನಾನು ಕೊನೆಗೂ ತರಿಸಿದ ಹೊಸ ಕಡ್ಡಿ ಹೈದರಾಬಾದಿನಿಂದ ಬಂದು ನನ್ನ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಹಳೆಯ ಕಡ್ಡಿಯ ಹಟವೇ ಆಕೆಯ ಬೆರಳಿಗೆ ವ್ಯಾಯಾಮ ಎನಿಸಿ ನಾನು ಅದನ್ನು ಹಾಕಲಿಲ್ಲ.

ಯುಗಾದಿ ಮುಗಿದ ಮೇಲಿನ ಒಂದು ಮಂಗಳವಾರ. ಕರೆಂಟ್ ಹೋಗಿತ್ತು. ಬಿಸಿಲಿಗೆ ಶಟರು ಅರ್ಧ ಎಳೆದಿದ್ದೆ. ಟಿವಿಗಳು ಸತ್ತಿದ್ದವು, ಗಲ್ಲಿಯಲ್ಲಿ ಸದ್ದಿರಲಿಲ್ಲ. ಆ ಮಬ್ಬಿನಲ್ಲಿ ಬಾಲಮ್ಮನ ಕೈಯ ಸಣ್ಣ ಪರದೆಯೊಂದೇ ಹೊಳೆಯುತ್ತಿತ್ತು. ಅದರೊಳಗೆ ಎಂದೂ ಮುಗಿಯದ ವಸಂತ, ಹಸಿರು, ಸಣ್ಣಗೆ ಒಂದು ರಾಗ. ಆಕೆ ತುಟಿಯಲ್ಲೇ "ಹುರ್‍ರ್… ಹುರ್‍ರ್" ಎನ್ನುತ್ತ ಕುರಿ ಹೊಡೆಯುತ್ತಿದ್ದಳು. ಕೇಳುತ್ತ ಕೇಳುತ್ತ ನನಗೂ ಕಣ್ಣು ಎಳೆಯಿತು. ಅಂಗಡಿಯ ನೆಲದ ಮೇಲೆ ಹುಲ್ಲು ಬೆಳೆದಂತೆ, ಕುರಿಗಳು ನನ್ನ ಸ್ಟೂಲಿನ ಕಾಲಿಗೆ ಮೈ ಉಜ್ಜಿಕೊಂಡು ಹೋದಂತೆ ಅನಿಸಿತು.

ಎಚ್ಚರಾದಾಗ ಆ ರಾಗ ಇನ್ನೂ ಹಾಡುತ್ತಲೇ ಇತ್ತು. ಗೇಮು ಬಾಲಮ್ಮನ ಮಡಿಲಲ್ಲಿತ್ತು. ಆಕೆ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಎಡಗೈ ಮಾತ್ರ ನಿದ್ದೆ ಮಾಡಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ತಾಗಿ, ಇಲ್ಲದ ಉಣ್ಣೆಯನ್ನು ಹಿಡಿದು, ಮಡಿಲಿನಿಂದ ಭುಜದವರೆಗೆ ನಿಧಾನಕ್ಕೆ ಎಳೆ ಎಳೆದವು. ಕೈ ಇಳಿಯಿತು. ಮತ್ತೆ ಎಳೆದವು.

ಪ್ರಿಯದರ್ಶಿನಿ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದಳು. ನಾನು ಬಾಯಿಗೆ ಬೆರಳಿಟ್ಟು ತೋರಿಸಿದೆ. ಅವಳ ಕೈಯ ಚೀಲಗಳು ನೆಲಕ್ಕೆ ಇಳಿದವು. ತಾಯಿಯ ಎದುರು ಕೂತು, ಆ ಕೈ ಏರಿ ಇಳಿಯುವುದನ್ನು ನೋಡುತ್ತ ಸದ್ದಿಲ್ಲದೆ ಅತ್ತಳು. ನಾಲ್ಕರ ಬಸ್ಸು ಹೋಯಿತು. ಆಕೆಯನ್ನು ಎಬ್ಬಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ಅವರು ಹೋದ ಮೇಲೆ ನೋಟ್‌ಬುಕ್ ತೆಗೆದು 'ಗಂಡಸರ ಆಟವಲ್ಲ' ಎಂಬ ಸಾಲನ್ನು ಹೊಡೆದುಹಾಕಿದೆ.

ಆಮೇಲೆ ಅವರು ಬರಲಿಲ್ಲ. ವೈಶಾಖದಲ್ಲಿ ಲಗ್ನಪತ್ರಿಕೆ ಬಂತು. ದೇವದುರ್ಗಕ್ಕೆ ಹೋದೆ. ಬಾಲಮ್ಮ ನನ್ನನ್ನು ಕಂಡವಳೇ ಗೇಮು ತಂದು ಕೈಗಿಟ್ಟಳು. "ಕುರಿ ಎಣಿಸ್ಕೋ. ಹದಿನಾಲ್ಕು ಅದಾವು. ಸಿಟ್ಟು ಬಿಟ್ಟಾವು."

"ಕಂಬಳಿ, ಯವ್ವಾ?"

ಆಕೆ ತನ್ನ ಎಡ ಹೆಬ್ಬೆರಳನ್ನು ನೋಡಿಕೊಂಡಳು. "ದಿನಾ ರಾಟಿ ಮುಂದ ಕುಂತೆ. ಒಂದ್ ತಾಸಿಗೆ ಬೆರಳು ಸೋಲ್ತಿತ್ತು. ದಿನ ಸಾಲಲಿಲ್ಲ ಯಪ್ಪಾ. ಉಳಿದದ್ದು ನಮ್ಮ ನಾದಿನಿ ನೂತಳು. ನಂದು ಗೇಣಗಲ, ಅಷ್ಟೇ."

ಹಂದರದ ಕೆಳಗೆ ಕಂಬಳಿ ಹಾಸಿದ್ದರು. ನಾನು ಬಗ್ಗಿ ನೋಡಿದೆ. ನಡುವೆಲ್ಲ ಒಂದೇ ಸಮ ನೂಲು, ಕೈ ಆಡಿಸಿದರೆ ನುಣುಪು. ಎಡ ಅಂಚಿಗೆ ಗೇಣಗಲ ಮಾತ್ರ ಎಳೆ ಒಮ್ಮೆ ದಪ್ಪ, ಒಮ್ಮೆ ತೆಳು, ಅಲ್ಲಲ್ಲಿ ಗಂಟು. ಸೋಲುವ ಬೆರಳು ಎಲ್ಲೆಲ್ಲಿ ನಿಂತು ಮತ್ತೆ ಶುರು ಮಾಡಿತ್ತು ಎಂಬುದು ಕೈಗೆ ತಿಳಿಯುತ್ತಿತ್ತು.

ಪ್ರಿಯದರ್ಶಿನಿ ಬಂದಳು. ಕಂಬಳಿಯ ಮುಂದೆ ನಿಂತು ಒಂದು ಗಳಿಗೆ ನೋಡಿ, ಎಡಕ್ಕೆ ಸರಿದು, ಆ ಗೇಣಗಲದ ಮೇಲೆ ಕೂತಳು.

"ನಡುವ ಕೂಡವ್ವಾ," ಎಂದರು ಪೂಜಾರಿ.

ಅವಳು ಏಳಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಕಂಬಳಿಯ ಮೇಲೆ ಮೊದಲೇ ಕೂತಿದ್ದ ಮದುಮಗ ಅಯ್ಯಪ್ಪ ಅವಳ ಕಡೆ ನೋಡಿದ, ಹಂದರದ ಕಂಬಕ್ಕೆ ಒರಗಿ ನಿಂತ ಬಾಲಮ್ಮನ ಕಡೆ ನೋಡಿದ, ಆಮೇಲೆ ನಡುವಿನ ತನ್ನ ಜಾಗ ಬಿಟ್ಟು ಅಂಚಿಗೆ ಸರಿದು ಅವಳ ಪಕ್ಕ ಕೂತ. ಅಷ್ಟು ದೊಡ್ಡ ಕಂಬಳಿಯ ಉಳಿದ ಭಾಗ ಖಾಲಿಯೇ ಉಳಿಯಿತು, ಅಕ್ಷತೆಯೆಲ್ಲ ಆ ಅಂಚಿಗೇ ಬಿತ್ತು.