ಹೊರೇಸ್ ಪಿಮ್ ಊರು ಆರಿಸಿದ ಮಂಗಳವಾರ

ಹೊರೇಸ್ ಪಿಮ್‌ನ ದವಡೆ ಮುರಿದದ್ದು ಅವನ ಅರವತ್ತಮೂರನೆಯ ವಯಸ್ಸಿನಲ್ಲಿ, ಒಂದು ಮನೆ ನೋಡಲು ಹೋಗಿ. ಅಲ್ಲಿಯವರೆಗೆ ಅವನು ಯಾರ ಮೈಮೇಲೂ ಕೈ ಮಾಡಿದವನಲ್ಲ, ಯಾರಿಂದಲೂ ಏಟು ತಿಂದವನಲ್ಲ. ಬರ್ಮಿಂಗ್‌ಹ್ಯಾಮಿನ ರೈಲು ನಿಲ್ದಾಣವೊಂದರಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕಚೇರಿಗೆ ಇಪ್ಪತ್ತೇಳು ವರ್ಷ ಮುಖ್ಯಸ್ಥನಾಗಿದ್ದ. ಮುಖ್ಯಸ್ಥ ಎಂದರೆ, ಆ ಕಚೇರಿಯಲ್ಲಿದ್ದವನು ಅವನೊಬ್ಬನೇ. ಕೊಡೆ, ಟೋಪಿ, ಕಟ್ಟಿಸಿದ ಹಲ್ಲು, ಒಮ್ಮೆ ಒಂದು ಮರದ ಕಾಲು, ಏನೇ ಇರಲಿ, ಗುರುತು ಸರಿಯಾಗಿ ಹೇಳದವರಿಗೆ ಅವನು ವಸ್ತು ಕೊಟ್ಟದ್ದೇ ಇಲ್ಲ. ಎದುರಿಗೇ ತೂಗುಹಾಕಿದ್ದ ತಮ್ಮ ಕೊಡೆಗೆ ಕೈಚಾಚಿದ ಪಾದ್ರಿಯೊಬ್ಬರನ್ನು, ಹಿಡಿಯ ಬಣ್ಣ ತಪ್ಪು ಹೇಳಿದರೆಂಬ ಕಾರಣಕ್ಕೆ, ಸುರಿಯುವ ಮಳೆಯಲ್ಲಿ ವಾಪಸು ಕಳಿಸಿದ ಕೀರ್ತಿ ಅವನದು. ಇದನ್ನು ಅವನು ನ್ಯಾಯನಿಷ್ಠೆ ಎನ್ನುತ್ತಿದ್ದ. ಅವನ ಹೆಂಡತಿ ಈನಿಡ್ ಇದಕ್ಕೆ ಇಟ್ಟಿದ್ದ ಹೆಸರು ಬೇರೆ. ಮೂವತ್ತೊಂದು ವರ್ಷದಿಂದ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ನಿವೃತ್ತಿಯಾದ ಮೇಲೆ ಶ್ರಾಪ್‌ಶೈರ್ ಸೀಮೆಯ ಯಾವುದಾದರೂ ಸಣ್ಣ ಪೇಟೆಯಲ್ಲಿ ನೆಲೆಸುವುದೆಂದು ಇಬ್ಬರೂ ಒಪ್ಪಿದ್ದರು. ಇದ್ದ ಮನೆಯನ್ನು ಮಾರಿಯೂ ಆಗಿತ್ತು. ಆಮೇಲೆ ಊರು ಆರಿಸುವ ಕೆಲಸ ಹೊರೇಸನ ಕೈಗೆ ಬಂತು. ಐದು ತಿಂಗಳಲ್ಲಿ ಆರು ಊರು ನೋಡಿ ಆರನ್ನೂ ತಳ್ಳಿಹಾಕಿದ. ಒಂದರಲ್ಲಿ ಇಗರ್ಜಿಯ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಇನ್ನೊಂದರಲ್ಲಿ ಹಂದಿಗಳ ವಾಸನೆ. ಮತ್ತೊಂದರಲ್ಲಿ ಅಂಚೆ ಕಚೇರಿಯ ಹೆಂಗಸು ಅವನನ್ನು "ಚಿನ್ನಾ" ಎಂದು ಕರೆದಳು. ಅಲ್ಲಿಯವರೆಗೂ ಗಂಡಹೆಂಡತಿ ಈನಿಡ್‌ಳ ಅಕ್ಕನ ಮನೆಯ ಹಿಂಗೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ಮಲಗುತ್ತಿದ್ದರು. ಅಕ್ಕ ಮೊದಲ ತಿಂಗಳು ಉಪಚರಿಸಿದಳು, ಎರಡನೆಯ ತಿಂಗಳು ಸಹಿಸಿದಳು, ಮೂರನೆಯ ತಿಂಗಳಿಂದ ಪಾತ್ರೆಗಳನ್ನು ಸದ್ದು ಮಾಡಿ ಇಡತೊಡಗಿದಳು.

ಆ ಮಂಗಳವಾರ ಏಳನೆಯ ಊರಿಗೆ ಹೊರಟಾಗ ಈನಿಡ್ ಕಾರಿನಲ್ಲಿ ನೇರವಾಗಿ ರಸ್ತೆ ನೋಡುತ್ತಾ ಹೇಳಿದಳು: "ಇವತ್ತು ಆಯ್ತು ಅಂದ್ರೆ ಆಯ್ತು, ಹೊರೇಸ್. ಇಲ್ಲಾಂದ್ರೆ ನಾನೊಬ್ಳೇ ಒಂದು ರೂಮು ಬಾಡಿಗೆಗೆ ಹಿಡೀತೀನಿ. ನೀನು ಊರು ಹುಡುಕ್ತಾ ಇರು."

ಹೊರೇಸ್ ಇದನ್ನು ಹೆಂಗಸರ ಮಾತೆಂದು ತಿಳಿದು ಗೇರ್ ಬದಲಿಸಿದ.

ಮಾರ್ಡನ್‌ವೆಲ್ ಎಂಬ ಆ ಊರಿನ ನಡುವೆ ಒಂದು ಹಳ್ಳ ಹರಿಯುತ್ತದೆ. ಹಳ್ಳದಾಚೆ ಇರುವವರು ಮೇಲ್ಕೇರಿ, ಈಚೆಯವರು ಕೆಳಕೇರಿ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಇವರು ಒಬ್ಬರಿಗೊಬ್ಬರು ಬಾಗಿಲು ತೆರೆದು ಹಿಡಿಯುವಷ್ಟು ಮರ್ಯಾದಸ್ಥರು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗುವ ಹಿಂದಿನ ಮಂಗಳವಾರ ಮಾತ್ರ, ಮಧ್ಯಾಹ್ನ ಎರಡು ಗಂಟೆಗೆ, ಒಂದು ತೊಗಲಿನ ಚೆಂಡನ್ನು ಪೇಟೆ ಚೌಕದಲ್ಲಿ ಎಸೆಯುತ್ತಾರೆ. ಅದನ್ನು ತಮ್ಮ ಕೇರಿಯ ಗಿರಣಿ ಗೋಡೆಗೆ ಮೂರು ಸಲ ಬಡಿದವರು ಗೆದ್ದಂತೆ. ಇನ್ನೂರು ಮುನ್ನೂರು ಗಂಡಸರು. ನಿಯಮ ಎರಡೇ: ಕೊಲ್ಲಬಾರದು, ಇಗರ್ಜಿಯ ಅಂಗಳಕ್ಕೆ ನುಗ್ಗಬಾರದು.

ಇದು ಸೀಮೆಗೆಲ್ಲ ಗೊತ್ತಿದ್ದ ಸಂಗತಿ. ಹೊರೇಸನಿಗೆ ಗೊತ್ತಿರಲಿಲ್ಲ. ಅಂಗಡಿಗಳ ಕಿಟಕಿಗೆಲ್ಲ ಹಲಗೆ ಬಡಿದಿರುವುದನ್ನು ಕಂಡು, ಊರು ದಿವಾಳಿ ಎದ್ದಿದೆ ಎಂದು ತೀರ್ಮಾನಿಸಿದ. ಏಣಿಯ ಮೇಲಿದ್ದವನೊಬ್ಬ ಕಾರನ್ನು ಬೇರೆಲ್ಲಾದರೂ ನಿಲ್ಲಿಸಿ ಎಂದಾಗ, ಇಲ್ಲಿ ನಿಲ್ಲಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ವಿವರಿಸಿದ. ಏಣಿಯವನು ಅವನನ್ನೂ ಕಾರನ್ನೂ ಕರುಣೆಯಿಂದ ನೋಡಿ ಮತ್ತೆ ಮೊಳೆ ಹೊಡೆಯತೊಡಗಿದ.

ಮಾರಾಟಕ್ಕಿದ್ದ ಮನೆ ಕೆಳಕೇರಿಯದು, ಹಳ್ಳದ ಅಂಚಿನಲ್ಲೇ. ಒಡತಿ ಮಿಸೆಸ್ ಪ್ರೀಸ್ ಎಂಬ ವಿಧವೆ. ಎರಡು ಗಂಟೆಯೊಳಗೆ ನೋಡಿ ಮುಗಿಸಿ ಎಂದು ಆಕೆ ಅವಸರ ಮಾಡಿದಳು. ಅವಸರ ಮಾಡುವವರು ಏನನ್ನೋ ಮುಚ್ಚಿಡುತ್ತಾರೆಂಬುದು ಹೊರೇಸನ ಅನುಭವ. ಆದ್ದರಿಂದ ಪ್ರತಿ ನಲ್ಲಿಯನ್ನೂ ಎರಡೆರಡು ಸಲ ತಿರುಗಿಸಿದ. ಇತ್ತ ಈನಿಡ್ ಅಡುಗೆಮನೆಯಲ್ಲಿ ಕೂತು, ನಿಂಬೆರಸ ಸಕ್ಕರೆ ಹಾಕಿದ ಬಿಸಿ ಪ್ಯಾನ್‌ಕೇಕ್ ತಿನ್ನುತ್ತಾ ಕಿಟಕಿಯಾಚೆ ಹಳ್ಳ ನೋಡಿದಳು. ಇನ್ನೊಂದು ಪ್ಯಾನ್‌ಕೇಕ್ ತಿಂದಳು. ಇಲ್ಲೇ ಇರಬೇಕೆಂದು ಅವಳಿಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ. ಗಂಡನಿಗೆ ಹೇಳಿದಾಗ ಅವನು, ಹಿತ್ತಿಲ ಗೋಡೆ ವಾಲಿದೆ, ಅಳತೆ ತೆಗೆದ ಮೇಲೆ ಮಾತು ಎಂದು ಟೇಪು ಹಿಡಿದು ಹೊರಟ. ಬೇಡವೆನ್ನಲು ಅವನಿಗೆ ಕಾರಣ ಸಿಕ್ಕಿತ್ತು. ಅವಳಿಗೆ ಅದು ಅವನ ಬೆನ್ನು ನೋಡಿಯೇ ತಿಳಿಯಿತು.

ಹೊರೇಸ್ ಗೋಡೆಯ ಬುಡದಲ್ಲಿ ಬಗ್ಗಿದ್ದಾಗ ಚೆಂಡು ಆಕಾಶದಿಂದ ಬಂದು ಎಲೆಕೋಸಿನ ಪಾತಿಯಲ್ಲಿ ಬಿತ್ತು. ಅವನು ಅದನ್ನು ಎತ್ತಿಕೊಂಡ. ಮಣ್ಣು ಒರೆಸಿದ. ಯಾರೋ ಕಳೆದುಕೊಂಡ ವಸ್ತು.

ಗೋಡೆ ಹಾರಿ ಮೊದಲು ಬಂದವನು ಕೆಳಕೇರಿಯ ಮುಂದಾಳು, ಕಟುಕ ವಾಲ್ಟ್ ಬೆಬ್. ಎತ್ತಿನ ಕತ್ತು, ಆಗಲೇ ಒಡೆದ ಹುಬ್ಬು, ಗಲ್ಲದ ಮೇಲೆಲ್ಲ ರಕ್ತ. ಅವನ ಹಿಂದೆ ಆವಿಯಾಡುವ ಐವತ್ತು ಮೈಗಳು.

"ಕೊಡು ತಾತ ಇಲ್ಲಿ," ಅಂದ ಬೆಬ್.

"ನಿಮ್ಮದು ಅನ್ನೋದಕ್ಕೆ ಗುರುತು ಹೇಳಿ," ಅಂದ ಹೊರೇಸ್.

ಬೆಬ್‌ಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಿಂದಿನಿಂದ ಯಾರೋ, "ದುಂಡಗಿದೆ," ಅಂದರು.

"ಅಷ್ಟು ಸಾಲದು."

ಅಷ್ಟರಲ್ಲಿ ಮೇಲ್ಕೇರಿ ಬಂದು ಅಪ್ಪಳಿಸಿತು. ವಾಲಿದ್ದ ಗೋಡೆ ನೂರು ಜನರ ಭಾರಕ್ಕೆ ಒಳಗೆ ಕುಸಿಯಿತು. ಅದರಡಿ ಅಂಚೆಯವನೊಬ್ಬನ ಮೊಣಕಾಲು ಸಿಕ್ಕಿ, ಹಸಿಕೊಂಬೆ ಮುರಿದಂಥ ಸದ್ದಾಯಿತು. ಅವನ ಕೂಗು ಕೇಳಿದವರು ಅವನನ್ನು ಎಳೆದು ಪಕ್ಕಕ್ಕೆ ಹಾಕಿ ಮತ್ತೆ ನುಗ್ಗಿದರು. ಎಲೆಕೋಸು ಕಾಲಡಿಯಲ್ಲಿ ಕೆಸರಾಯಿತು. ಹೊರೇಸ್ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಮುದುರಿಕೊಂಡ. ಮೊದಲ ಒದೆತಕ್ಕೆ ಪಕ್ಕೆಲುಬು ಹೋಯಿತು. ಎರಡನೆಯದಕ್ಕೆ ಮುಂದಿನ ಹಲ್ಲು. ಬಿಟ್ಟುಬಿಡು ಎಂದು ಎರಡೂ ಕಡೆಯವರು ಅರಚುತ್ತಿದ್ದರು, ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚುತ್ತಿದ್ದರು. ಅವನು ಬಿಡಲಿಲ್ಲ. ಮೊದಲು ಅದು ತತ್ವವಾಗಿತ್ತು. ಆಮೇಲೆ ತತ್ವ ಎಲ್ಲೋ ಜಾರಿಹೋಗಿ, ಅವನೊಳಗಿನಿಂದ ಬೇರೇನೋ ಎದ್ದು ಬಂತು, ಹೆಸರಿಲ್ಲದ್ದು, ಬಿಸಿಯದ್ದು.

ಇಡೀ ಗುಂಪು ಉರುಳಿ ಹಳ್ಳಕ್ಕೆ ಬಿತ್ತು. ಫೆಬ್ರವರಿಯ ನೀರು, ಚಾಕುವಿನಂತೆ. ಯಾರೋ ಅವನ ತಲೆಯನ್ನು ನೀರೊಳಗೆ ಅದುಮಿ ಹಿಡಿದರು. ಎದೆ ಸಿಡಿಯುವಂತಾದಾಗ ಹೊರೇಸ್ ತಲೆಯೆತ್ತಿದ, ಬಾಯಿಗೆ ಸಿಕ್ಕಿದ್ದನ್ನು ಕಚ್ಚಿದ. ಅದು ವಾಲ್ಟ್ ಬೆಬ್‌ನ ಕಿವಿ. ಕಚ್ಚಿದವನು ಬಿಡಬೇಕಲ್ಲ, ಬಿಡಲಿಲ್ಲ. ನಾಲಿಗೆಗೆ ಉಪ್ಪು ಹತ್ತಿತು, ಹಲ್ಲಿನ ನಡುವೆ ಏನೋ ಕಿತ್ತು ಬಂತು, ಅವನಿಗೆ ಖುಷಿಯಾಯಿತು. ಆ ಖುಷಿಯ ಮೇಲೆಯೇ ಬೆಬ್‌ನ ಮೊಣಕೈ ಬಿದ್ದದ್ದು.

ಈನಿಡ್ ಬಂದಾಗ ಗಂಡ ಕೆಂಪು ನೀರಿನಲ್ಲಿ ಮುಖ ಕೆಳಗೆ ಮಾಡಿ ತೇಲುತ್ತಿದ್ದ, ದಡದ ಕಡೆ ಚಾಚಿದ ಕೈಗಳು ಚೆಂಡಿಗೆ ಬೀಗ ಹಾಕಿದಂತಿದ್ದವು. ಮೇಲ್ಕೇರಿಯ ಒಬ್ಬ ಆ ಕೈಗಳ ಮೇಲೆ ಬೂಟುಗಾಲಿಟ್ಟು ತುಳಿಯುತ್ತಿದ್ದ. ಅವಳ ಕೈಯಲ್ಲಿ ಮಿಸೆಸ್ ಪ್ರೀಸ್‌ಳ ಎರಕದ ಕಾವಲಿಯಿತ್ತು, ಇನ್ನೂ ಬೆಣ್ಣೆ ಚುರುಗುಟ್ಟುತ್ತಿದ್ದದ್ದು. ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಎರಡೂ ಕೈಯಿಂದ ಬೀಸಿದಳು. ಬೂಟಿನವನು ಸದ್ದಿಲ್ಲದೆ ಕುಸಿದ. ಇನ್ನೊಬ್ಬ ತಿರುಗಿದ, ಅವನಿಗೂ ಒಂದು, ಮೂಗಿನ ಮೇಲೆ. ಮೂರನೆಯವನು ಟೋಪಿ ತೆಗೆದು, "ದಾರಿ ಬಿಡ್ರೋ ಅಮ್ಮಾವ್ರಿಗೆ," ಅಂದ. ಅವಳು ಗಂಡನನ್ನು ಕಾಲರು ಹಿಡಿದು ದಡಕ್ಕೆ ಎಳೆದಳು. ಚೆಂಡು ಎಲ್ಲಿಗೋ ಹೋಯಿತು, ಜನ ಅದರ ಹಿಂದೆ ಹೋದರು, ಹೋಗುತ್ತಾ ಹೊರೇಸನ ಕಾರಿನ ನೆತ್ತಿಯ ಮೇಲೆ ಹಾದು ಹೋದರು.

ಮರುದಿನ ಊರಿನ ಪುಟ್ಟ ಆಸ್ಪತ್ರೆಯಲ್ಲಿ ಹನ್ನೊಂದು ಮಂದಿ ಮಲಗಿದ್ದರು, ಎರಡೂ ಕೇರಿಯವರು, ಒಂದೇ ತಟ್ಟೆಯಿಂದ ಬಿಸ್ಕತ್ತು ತಿನ್ನುತ್ತಾ. ಅಂಚೆಯವನು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಕಾಲು ಇನ್ನು ಸರಿಯಾಗಿ ಮಡಚುವುದಿಲ್ಲವೆಂದು ವೈದ್ಯರು ಬೆಳಿಗ್ಗೆ ಹೇಳಿದ್ದರು. ಹೊರೇಸ್ ಆ ಕಡೆ ನೋಡಲಾರದೆ ಛಾವಣಿ ನೋಡುತ್ತಿದ್ದ. ಅವನ ದವಡೆಯನ್ನು ತಂತಿ ಹಾಕಿ ಬಿಗಿದಿದ್ದರು. ಆರು ವಾರ ಬಾಯಿ ತೆರೆಯುವಂತಿಲ್ಲ.

ಪಕ್ಕದ ಮಂಚದ ಬೆಬ್, ಅರ್ಧ ಕಿವಿಗೆ ಪಟ್ಟಿ ಸುತ್ತಿಕೊಂಡವನು, ಈನಿಡ್ ಬಂದೊಡನೆ ಎದ್ದು ಕೂತ. "ನಿಮ್ಮ ಯಜಮಾನ್ರಿಗೆ ಸ್ವಲ್ಪ ಹೇಳೀಮ್ಮ. ಮನೆ ನೋಡ್ತಿದ್ದದ್ದು ನಮ್ಮ ಕೆಳಕೇರೀಲಿ. ಕಚ್ಚೋದಾದ್ರೆ ಮೇಲ್ಕೇರಿಯವರನ್ನ ಕಚ್ಚಬೇಕು."

"ಹೇಳ್ತೀನಿ," ಅಂದಳು ಈನಿಡ್. ಕುರ್ಚಿ ಎಳೆದುಕೊಂಡು ಗಂಡನ ಪಕ್ಕ ಕೂತಳು. ಬೆಳಿಗ್ಗೆ ಮಿಸೆಸ್ ಪ್ರೀಸ್ ಜೊತೆ ಮಾತಾಡಿ ಮುಗಿಸಿದ್ದಾಗಿಯೂ, ಕಾಗದಕ್ಕೆ ತನ್ನ ರುಜು ಹಾಕಿದ್ದಾಗಿಯೂ, ಅವನ ರುಜುವಿಗೆ ವಕೀಲರು ಮಧ್ಯಾಹ್ನ ಬರುತ್ತಾರೆಂದೂ ತಿಳಿಸಿದಳು. ಬೀದಿಯುದ್ದಕ್ಕೂ ಜನ ತನ್ನನ್ನು ಹೆಸರು ಹಿಡಿದು ಮಾತಾಡಿಸಿದರು ಅಂದಳು. ಅದನ್ನು ಇನ್ನೊಂದು ಸಲ ಹೇಳಿದಳು.

ಹೊರೇಸ್ ತಲೆ ಅಲ್ಲಾಡಿಸಿದ. ಅವನ ಮನಸ್ಸಿನಲ್ಲಿ ಆಕ್ಷೇಪಣೆಗಳು ಸಾಲಾಗಿ ನಿಂತಿದ್ದವು. ಕುಸಿದ ಗೋಡೆ, ಅಂಚೆಯವನ ಕಾಲು, ನಾಲಿಗೆಯ ಮೇಲಿನ ಆ ಉಪ್ಪು, ಅದರಿಂದ ಆದ ಖುಷಿ. ಕೊನೆಯದು ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತ್ತು. ಅವನು ಗಂಟಲಲ್ಲಿ ಏನೋ ಗೊರಗುಟ್ಟಿ, ಬರೆದು ತೋರಿಸುತ್ತೇನೆಂದು ಸನ್ನೆ ಮಾಡಿದ.

ಮಂಚದ ಪಕ್ಕದ ಮೇಜಿನ ಮೇಲೆ ದಾದಿ ಇಟ್ಟಿದ್ದ ಸ್ಲೇಟು ಬಳಪಗಳಿದ್ದವು. ಈನಿಡ್ ಅವನ್ನು ನೋಡಿದಳು. ಎತ್ತಿ ತನ್ನ ಕೈಚೀಲದೊಳಗೆ ಹಾಕಿಕೊಂಡಳು.

"ಮಧ್ಯಾಹ್ನ ಪೆನ್ನು ಕೊಡ್ತಾರೆ," ಅಂದಳು. "ಅದ್ರಲ್ಲಿ ರುಜು ಮಾತ್ರ ಹಾಕು."